ಮಹಡಿಯವಳ ಕಂದಾಯ

ನಮ್ಮ ಮನೆಗೆ ಮಹಡಿ ಇದೆ ಅನ್ನುವುದು ನನಗೆ ತಿಳಿದದ್ದು ಪುರಸಭೆಯ ನೋಟಿಸಿನಿಂದ. ಆ ಮಹಡಿಯಲ್ಲಿ ಒಬ್ಬ ಹೆಂಗಸು ಬಾಡಿಗೆಗೆ ಇದ್ದಾಳೆ ಅನ್ನುವುದೂ ಅದರಿಂದಲೇ ತಿಳಿಯಿತು.

ನೋಟಿಸ್ ತಂದವನು ನನ್ನ ಸಹಿ ಹಾಕಿಸಿಕೊಂಡು, ಮುಖ ನೋಡದೆ ಹೊರಟುಹೋದ. ಒಮ್ಮೆ ಓದಿದೆ. ಕನ್ನಡಕ ಒರೆಸಿಕೊಂಡು ಇನ್ನೊಮ್ಮೆ ಓದಿದೆ. ತಲೆಬುಡ ಅರ್ಥವಾಗಲಿಲ್ಲ. ಒಳಗೆ ಮಂಚದ ಮೇಲಿದ್ದ ಅತ್ತೆಗೆ ಕೇಳುವ ಹಾಗೆ ಗಟ್ಟಿಯಾಗಿ ಓದಿ ಹೇಳಿದೆ.

"ಬಾಡಿಗೆ ಎಷ್ಟು ಕೊಡ್ತಾಳಂತೆ?" ಅಂದರು ಅತ್ತೆ.

"ಯಾರು?"

"ಮೇಲಿನವಳು."

ಅತ್ತೆಗೆ ಕಣ್ಣು ಮಂಜಾಗಿದೆಯೇ ಹೊರತು ನಾಲಿಗೆಗೆ ಏನೂ ಆಗಿಲ್ಲ.

ಮೇಲೆ ಯಾರೂ ಇಲ್ಲ. ಮೇಲೆ ಅನ್ನುವುದೇ ಇಲ್ಲ. ಇರುವುದು ಬೀದಿ ಕಡೆಗೆ ಎದ್ದುನಿಂತ ಒಂದೇ ಒಂದು ಗೋಡೆ. ಈ ಮನೆ ಕಟ್ಟಿಸುವಾಗ ನನ್ನ ಯಜಮಾನರು ಮಹಡಿ ಏರಿಸುತ್ತೇನೆ ಅಂತ ನನಗೆ ಮಾತು ಕೊಟ್ಟಿದ್ದರು. "ನೀನು ಮೇಲೆ ಕಿಟಕಿ ಹತ್ರ ಕೂತು ಹೊಲಿ, ಬೆಳಕು ಚೆನ್ನಾಗಿರುತ್ತೆ" ಅನ್ನುತ್ತಿದ್ದರು. ಮುಂದಿನ ಗೋಡೆಯೊಂದು ಎದ್ದಿತು, ಅಷ್ಟರಲ್ಲಿ ಅವರು ಕೆಲಸಕ್ಕಿದ್ದ ನಾಟಕದ ಕಂಪನಿ ಬಾಗಿಲು ಹಾಕಿತು. ಮಹಡಿ ಅಲ್ಲಿಗೇ ನಿಂತಿತು. ಅವರು ರಂಗದ ಪರದೆ ಬರೆಯುವವರು. ಅರಮನೆ, ಕಾಡು, ಸೆರೆಮನೆ, ಏನು ಕೇಳಿದರೂ ಬಟ್ಟೆಯ ಮೇಲೆ ಎಬ್ಬಿಸಿ ನಿಲ್ಲಿಸುತ್ತಿದ್ದರು. ಆ ಬಟ್ಟೆಗಳಿಗೆ ಅಂಚು ಹೊಲಿದು ಕೊಡುತ್ತಿದ್ದವಳು ನಾನು, ನಮ್ಮ ಪರಿಚಯ ಆದದ್ದೂ ಹಾಗೇ. ಹಿಂದೆ ಏನೂ ಇಲ್ಲದ ಗೋಡೆ ಅವರಿಗೆ ಹೊಸದೇನಲ್ಲ. ಅಟ್ಟಣೆ ಕಟ್ಟಿಸಿಕೊಂಡು ಆ ಬೋಳು ಗೋಡೆಗೆ ಕಿಟಕಿಗಳನ್ನು ಬರೆದರು, ಬಾಲ್ಕನಿ ಬರೆದರು, ಹೂಕುಂಡ ಇಟ್ಟರು. ನಡುವಿನ ಕಿಟಕಿಯಲ್ಲಿ ಒಬ್ಬಳನ್ನು ಕೂರಿಸಿದರು.

ಅವಳ ವಿಷಯ ಹೇಳಲೇಬೇಕು. ತಲೆ ಬಗ್ಗಿಸಿ, ಸ್ವಲ್ಪ ಓರೆಯಾಗಿ ಕೂತಿದ್ದಾಳೆ. ಒಂದು ಕೈ ಬಾಯಿಯ ಹತ್ತಿರ ಇದೆ, ನಗು ಮುಚ್ಚಿಕೊಳ್ಳುತ್ತಿರುವ ಹಾಗೆ. ಕತ್ತಿನಲ್ಲಿ ಎದೆಯ ತನಕ ಇಳಿಬಿದ್ದ ಚಿನ್ನದ ಸರ. ಬೀದಿಯಲ್ಲಿ ನಿಂತು ನೋಡಿದರೆ ಈಗ ತಲೆ ಎತ್ತುತ್ತಾಳೆ, ಈಗ ಎತ್ತುತ್ತಾಳೆ ಅನ್ನಿಸುತ್ತದೆ. ಅವಳು ಯಾರು ಅಂತ ನಾನು ಯಜಮಾನರನ್ನು ಕೇಳಲಿಲ್ಲ. ಕೇಳಿದರೆ ಎಲ್ಲಿ ಹೇಳಿಬಿಡುತ್ತಾರೋ ಅಂತ ಭಯ. ಕಂಪನಿಯಲ್ಲಿ ಒಬ್ಬಳು ನಾಯಕಿ ಇದ್ದಳು, ಬಾಯಿಗೆ ಕೈ ಅಡ್ಡ ಇಟ್ಟುಕೊಂಡು ನಗುತ್ತಿದ್ದಳು, ಇವಳು ಅವಳೇ ಅಂತ ಬೀದಿಯವರು ತೀರ್ಮಾನ ಮಾಡಿದ್ದರು. ನಾನು ಕೂಡ ಮಾಡಿದ್ದೆ. ನನ್ನ ಕತ್ತಿಗೆ ಒಂದೆಳೆ ಹಾಕಲಾರದ ಮನುಷ್ಯ ಅವಳಿಗೆ ಎದೆಯವರೆಗೆ ಇಳಿಬಿಟ್ಟಿದ್ದಾರಲ್ಲ ಅಂತ ನನಗೆ ಮೈಯೆಲ್ಲ ಉರಿಯುತ್ತಿತ್ತು. ಆಮೇಲೆ ಅವರು ತೀರಿಕೊಂಡರು, ಅವಳು ಉಳಿದಳು. ದಿನಾ ಬೆಳಿಗ್ಗೆ ಮನೆ ಮುಂದೆ ಗುಡಿಸುವಾಗ ತಲೆ ಎತ್ತಿ ಅವಳಿಗೆ ಎರಡು ಮಾತು ಬೈದರೇನೇ ನನಗೆ ಸಮಾಧಾನ.

ಈಗ ನೋಡಿದರೆ ಅವಳು ನನ್ನ ಬಾಡಿಗೆಯವಳಂತೆ! ಬಾಡಿಗೆ ಬರುವ ಮಹಡಿಗೆ ದರವೇ ಬೇರೆಯಂತೆ. ಅಷ್ಟು ಕಂದಾಯ ಕಟ್ಟಬೇಕಾದರೆ ನಾನು ಈ ಮುಂದಿನ ಕೋಣೆಯನ್ನು ಯಾರಿಗಾದರೂ ಬಿಟ್ಟುಕೊಡಬೇಕು. ನನ್ನ ಹೊಲಿಗೆ ಮಿಷನ್ನು, ಕತ್ತರಿಸುವ ಮೇಜು, ಪರದೆ ಬಟ್ಟೆಯ ಥಾನುಗಳು ಇರುವುದು ಅದೇ ಕೋಣೆಯಲ್ಲಿ. ಅದು ಹೋದರೆ ಹೊಲಿಗೆ ಹೋಯಿತು. ಹೊಲಿಗೆ ಹೋದರೆ ಅತ್ತೆಯೂ ನಾನೂ ಗಾಳಿ ಕುಡಿದು ಬದುಕಬೇಕು. ಒಪ್ಪಿಗೆ ಇಲ್ಲದವರು ಬಂದು ತಕರಾರು ಹೇಳಬಹುದು ಅಂತ ನೋಟಿಸಿನ ಕೊನೆಯಲ್ಲಿ ಸಣ್ಣ ಅಕ್ಷರದಲ್ಲಿತ್ತು.

ನೋಟಿಸ್ ಹಿಡಿದುಕೊಂಡು ಎದುರಿನ ಸಲೂನಿಗೆ ಹೋದೆ. ಊರಿನ ಸುದ್ದಿಯೆಲ್ಲ ಮೊದಲು ಹುಟ್ಟುವುದು ಅಲ್ಲಿಯೇ. ಸಲೂನಿನವನು ಒಬ್ಬರ ಗಡ್ಡಕ್ಕೆ ನೊರೆ ಹಚ್ಚುತ್ತಿದ್ದ. ಓದಿ, ಬ್ರಶ್ಶು ಕೆಳಗಿಟ್ಟ.

"ಅಯ್ಯೋ ಅಕ್ಕಾ, ಇದು ನನ್ನಿಂದಾನೇ ಆಗಿರ್ಬೇಕು."

"ಏನು ಮಾಡಿದೆ?"

"ಪುರಸಭೆ ಅಳತೆಯವನು ಬಂದಿದ್ದ. ಮೇಲೆ ಯಾರಿದಾರೆ ಅಂತ ಕೇಳ್ದ. ಒಬ್ರು ಹೆಂಗಸು ಇದಾರೆ, ಹೊರಗೆ ಬರಲ್ಲ, ಯಾರ ಹತ್ರಾನೂ ಮಾತಾಡಲ್ಲ, ಒಳ್ಳೆ ಜನ ಅಂದೆ."

"ಯಾಕೋ ಹಾಗಂದೆ?"

"ಎಲ್ರಿಗೂ ಹಾಗೇ ಅಲ್ವಾ ಅನ್ನೋದು!"

ಅದೂ ನಿಜ. ನಮ್ಮ ಬೀದಿಗೆ ಹೊಸಬರು ಬಂದರೆ ಅವಳನ್ನು ತೋರಿಸಿ ಏಮಾರಿಸುವುದು ಒಂದು ಆಟ. ಹಾಲಿನವನು, ಅಂಚೆಯವನು, ಗ್ಯಾಸ್ ತರುವವನು, ಎಲ್ಲರೂ ಒಂದೊಂದು ಸಲ ಬೀದಿಯಲ್ಲಿ ನಿಂತು "ಅಮ್ಮಾ, ಕೆಳಗೆ ಬನ್ನಿ" ಅಂತ ಕೂಗಿ ಇಂಗು ತಿಂದ ಮಂಗನ ಹಾಗಾದವರೇ. ಅವರ ಜೊತೆಗೆ ಎಲ್ಲರೂ ನಕ್ಕ ಮೇಲೆ ಅವರೂ ಬೀದಿಗೆ ಸೇರಿದವರು ಅಂತ ಲೆಕ್ಕ.

"ಆಮೇಲೆ ನಕ್ಕು ನಿಜ ಹೇಳೋಣ ಅಂತಿದ್ದೆ ಅಕ್ಕಾ. ಅಷ್ಟರಲ್ಲಿ ಗಿರಾಕಿ ಬಂದ್ರು, ಅವನೂ ಬರ್ಕೊಂಡು ಹೋಗ್ಬಿಟ್ಟ."

ಗಡ್ಡಕ್ಕೆ ನೊರೆ ಹಚ್ಚಿಸಿಕೊಂಡು ಕೂತವರು ನಗು ತಡೆಯಲಾರದೆ ನೊರೆಯನ್ನೆಲ್ಲ ಉಗಿದರು. ನನಗೆ ನಗು ಬರಲಿಲ್ಲ.

ಪುರಸಭೆಯ ಕಂದಾಯದ ಕೋಣೆಯಲ್ಲಿ ಒಬ್ಬರು ಮೇಡಂ ಕೂತಿದ್ದರು. ಮೇಜಿನ ಒಂದು ಕಾಲಿಗೆ ರಟ್ಟು ಮಡಿಸಿ ಒತ್ತುಕೊಟ್ಟಿದ್ದರು, ಆದರೂ ಅವರು ಬರೆಯುವಾಗ ಅದು ಅಲ್ಲಾಡುತ್ತಿತ್ತು. ಪಕ್ಕದಲ್ಲಿ ಅಳತೆಯವನು, ಸೊಂಟಕ್ಕೆ ಟೇಪಿನ ಡಬ್ಬಿ ಸಿಕ್ಕಿಸಿಕೊಂಡು ನಿಂತಿದ್ದ.

"ಮಹಡಿ ಇಲ್ಲ ಅಂತೀರಾ?" ಅಂದರು ಮೇಡಂ.

"ಇಲ್ಲ ಮೇಡಂ."

ಅವರು ಫೋಟೋ ಒಂದನ್ನು ನನ್ನ ಕಡೆ ತಿರುಗಿಸಿದರು. "ಇದೇನು?"

"ಗೋಡೆ."

"ಕಿಟಕಿ ಇದೆಯಲ್ಲ?"

"ಅದು ಬಣ್ಣ."

"ಇವ್ರು?"

"ಅವಳೂ ಬಣ್ಣಾನೇ."

ಮೇಡಂ ಅಳತೆಯವನ ಮುಖ ನೋಡಿದರು. ಅವನಿಗೆ ರೋಷ ಬಂತು. "ನಾನೇ ಕೂಗಿದೀನಿ ಮೇಡಂ, ಮತ್ತೆ ಮತ್ತೆ ಕೂಗಿದೀನಿ. ಅವ್ರು ತಲೆ ಎತ್ತಿ ನೋಡ್ಲಿಲ್ಲ. ಸಹಕರಿಸಲಿಲ್ಲ ಅಂತ ಷರಾ ಬರ್ದಿದೀನಿ."

"ಚಿತ್ರ ಹೇಗಪ್ಪಾ ತಲೆ ಎತ್ತುತ್ತೆ?" ಅಂದೆ.

"ಎದುರು ಸಲೂನಿನವ್ರ ಹೇಳಿಕೆ ಇದೆ. ಒಳ್ಳೆ ಜನ ಅಂತ."

ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅಂದರಂತೆ. ನನಗೆ ಕಿರುಚಬೇಕು ಅನ್ನಿಸಿತು. ಆದರೆ ಆ ಫೋಟೋ ನೋಡಿದಷ್ಟೂ ನನಗೇ ಅನುಮಾನ ಶುರುವಾಯಿತು. ಅದರಲ್ಲಿ ಮಹಡಿ ಇತ್ತು. ಕಿಟಕಿಯ ಬಾಗಿಲ ನೆರಳು ಗೋಡೆಯ ಮೇಲೆ ಬಿದ್ದಿತ್ತು. ಅವಳು ಕೂತಿದ್ದಳು. ಇಲ್ಲ ಅಂತ ಹೇಳುತ್ತಿದ್ದವಳು ಆ ಕೋಣೆಯಲ್ಲಿ ನಾನೊಬ್ಬಳೇ.

ಮೇಡಂ ಒಳ್ಳೆಯವರು, ಸುಳ್ಳು ಹೇಳಬಾರದು. ಅದೇ ಮಧ್ಯಾಹ್ನ ಅಳತೆಯವನನ್ನು ಕರೆದುಕೊಂಡು ತಾವೇ ಬಂದರು. ಹಿತ್ತಿಲ ಕಡೆಯಿಂದ ಅವನು ತಾರಸಿಗೆ ಹತ್ತಿ, ಗೋಡೆಯ ಬೆನ್ನು ನೋಡಿದ. ಬರೀ ಇಟ್ಟಿಗೆ, ಬೀಳದಿರಲಿ ಅಂತ ಕೊಟ್ಟ ಕಂಬಿಗಳು, ಪಾರಿವಾಳದ ಹಿಕ್ಕೆ. ಪ್ಯಾಂಟಿನ ಧೂಳು ಕೊಡವಿಕೊಳ್ಳುತ್ತಾ ಇಳಿದ. "ಇಲ್ಲ ಮೇಡಂ" ಅಂದ. ಬೀದಿಗೆ ಬಂದು ತಲೆ ಎತ್ತಿದ. "ಇದೆ ಮೇಡಂ" ಅಂದ. ಪಾಪ, ಅವನ ಮುಖ ನೋಡಿ ನನಗೇ ಅಯ್ಯೋ ಅನ್ನಿಸಿತು.

ಇಲ್ಲಿಗೆ ಮುಗಿಯಿತು ಅಂದುಕೊಂಡೆ. ಮುಗಿಯಲಿಲ್ಲ.

"ನೋಡಿಯಮ್ಮಾ," ಅಂದರು ಮೇಡಂ, "ನಾನು ಇವತ್ತು ಹೊಡೆದು ಹಾಕ್ಬಹುದು. ಆದ್ರೆ ಮೇಲಿನ ಆಫೀಸಿಗೆ ಹೋಗೋದು ಬೀದಿಯಿಂದ ತೆಗೆದ ಫೋಟೋ, ನನ್ನ ಮಾತಲ್ಲ. ಬರೋ ವರ್ಷ ಬೇರೆಯವನು ಬರ್ತಾನೆ, ಬೇರೆ ಫೋಟೋ ತೆಗೀತಾನೆ. ಮತ್ತೆ ಮಹಡಿ ಬರುತ್ತೆ, ಮತ್ತೆ ಇವ್ರೂ ಬರ್ತಾರೆ. ಸುಮ್ನೆ ಸುಣ್ಣ ಹೊಡೆದ್ಬಿಡಿ. ಸೋಮವಾರ ಬೋಳು ಗೋಡೆ ಫೋಟೋ ತಂದ್ರೆ ಮಹಡಿನೇ ತೆಗೆದುಹಾಕ್ತೀನಿ."

"ಹೊಡೀದಿದ್ರೆ?"

"ಬಾಡಿಗೆ ದರಾನೇ ಉಳಿಯುತ್ತೆ. ಬಾಡಿಗೆಯವ್ರಲ್ಲ ಅಂತಾದ್ರೆ ಅದನ್ನ ಅವ್ರೇ ಬಂದು ಹೇಳಿಕೆ ಕೊಡ್ಬೇಕು." ಇಷ್ಟು ಹೇಳಿ ಮೇಡಂ ತಲೆ ಎತ್ತಿ ಕಿಟಕಿ ನೋಡಿದರು. "ನಾನೇನು ಹೇಳ್ತಿದೀನಿ" ಅಂತ ಹಣೆ ಒತ್ತಿಕೊಂಡು ನಡೆದರು.

ಆ ದಿನ ನಾನು ಕುಣಿದಾಡಬೇಕಿತ್ತು. ಇಷ್ಟು ವರ್ಷದ ಪೀಡೆ ಒಂದು ಬಕೆಟ್ ಸುಣ್ಣದಲ್ಲಿ ತೊಲಗುತ್ತದೆ, ಕಂದಾಯವೂ ಇಳಿಯುತ್ತದೆ. ಆದರೂ ಹೊಲಿಯಲು ಕೂತರೆ ಅಂಚು ಸೊಟ್ಟ ಹೋಗುತ್ತಿತ್ತು. ಅವಳು ಹೋಗಲಿ, ನನಗೇನು. ಆದರೆ ಅವಳನ್ನು ಬರೆದ ಕೈ? ಕಂಪನಿಯ ಪರದೆಗಳೆಲ್ಲ ಎಲ್ಲೆಲ್ಲೋ ಹರಿದುಹೋದವು. ಅವರ ಕೈಯದು ಅಂತ ಈ ಊರಿನಲ್ಲಿ ಉಳಿದಿರುವುದು ಈ ಗೋಡೆ ಒಂದೇ. ಬೇಡದವಳನ್ನು ಉಳಿಸದೆ ಬೇಕಾದವರನ್ನು ಉಳಿಸಿಕೊಳ್ಳುವುದು ಹೇಗೆ ಅಂತ ನನಗೆ ಬಗೆಹರಿಯಲಿಲ್ಲ.

"ಸುಣ್ಣ ಹೊಡಿಸ್ತೀಯಾ?" ಅಂತ ಕೇಳಿದರು ಅತ್ತೆ.

"ಹೊಡಿಸದೆ ಏನು ಮಾಡ್ಲಿ? ಕೋಣೆ ಬಿಟ್ಟುಕೊಡ್ಲಾ?"

"ಹೊಡಿ. ಆದ್ರೆ ಆಳು ಕರೀಬೇಡ, ನೀನೇ ಹೊಡಿ."

"ಈ ವಯಸ್ಸಲ್ಲಿ ನಾನು ಏಣಿ ಹತ್ತಲಾ ಅತ್ತೆ?"

"ದಿನಾ ಬೈದೋಳು ನೀನು. ಒರೆಸೋದೂ ನೀನೇ ಆಗ್ಲಿ" ಅಂದು ಮಗ್ಗುಲಾದರು.

ಭಾನುವಾರ ಬೆಳಿಗ್ಗೆ ಸಲೂನಿನವನು ಎಲ್ಲಿಂದಲೋ ಉದ್ದನೆಯ ಏಣಿ ತಂದು ಒರಗಿಸಿದ, ತಪ್ಪು ಮಾಡಿದವನ ಮುಖ ಹೊತ್ತುಕೊಂಡು ಬುಡ ಹಿಡಿದು ನಿಂತ. ನಾನು ಬಕೆಟ್ಟನ್ನು ತೋಳಿಗೆ ಸಿಕ್ಕಿಸಿಕೊಂಡು ಹತ್ತಿದೆ. ಅವರು ಬರೆಯುವಾಗ ನಾನು ಒಂದು ದಿನವೂ ಮೇಲೆ ಹತ್ತಿರಲಿಲ್ಲ. ಹತ್ತಿರ ಬರಬೇಡ, ಬೀದಿಯ ಆ ಬದಿಗೆ ಹೋಗಿ ನೋಡು ಅನ್ನುತ್ತಿದ್ದರು. ರಂಗದ ಕೆಲಸವೇ ಹಾಗೆ, ದೂರದ ಬೆಟ್ಟ ನುಣ್ಣಗೆ. "ಕೊನೇ ಸಾಲಲ್ಲಿ ಕೂತವನಿಗೆ ಕಾಣದೆ ಇರೋದನ್ನ ಬರೆದ್ರೆ ಬಣ್ಣ ದಂಡ" ಅನ್ನುವುದು ಅವರ ಮಾತು. ಅಂಚು ಹೊಲಿಯುವಾಗ ನಾನೇ ನೋಡಿದ್ದೇನೆ, ದೂರದಿಂದ ಅರಮನೆಯ ಕಂಬ, ಕೈಯಲ್ಲಿ ಹಿಡಿದರೆ ಬರೀ ಬಳಿದ ಬಣ್ಣ.

ಇಲ್ಲಿಯೂ ಹಾಗೇ ಇತ್ತು. ಹೂಕುಂಡ ಹತ್ತಿರ ಹೋಗುತ್ತಾ ಕೆಂಪು ಕಲೆಯಾಯಿತು. ಕಿಟಕಿಯ ಬಾಗಿಲು ಅಡ್ಡಾದಿಡ್ಡಿ ಗೀಟಾಯಿತು. ಅವಳ ಮುಖದ ಎದುರಿಗೆ ನನ್ನ ಮುಖ ಬಂತು. ಮುಖವೇ ಇರಲಿಲ್ಲ. ಕಣ್ಣಿಲ್ಲ, ಮೂಗಿಲ್ಲ, ಕಂದು ಬಣ್ಣವನ್ನು ಬ್ರಶ್ಶಿನಿಂದ ಎಳೆದಿದ್ದರು, ಅಷ್ಟೇ. ಇಷ್ಟು ವರ್ಷ ನಾನು ಹೊಟ್ಟೆ ಉರಿಸಿಕೊಂಡದ್ದು ಈ ನಾಲ್ಕು ಗೀಟಿಗಾ! ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಬ್ರಶ್ಶನ್ನು ಸುಣ್ಣಕ್ಕೆ ಅದ್ದಿದೆ. ಮೊದಲು ಆ ಚಿನ್ನದ ಸರ ಹೋಗಲಿ ಅಂತ ಕೈ ಎತ್ತಿದೆ.

ಸರದ ಮೇಲೆ ಗುರುತುಗಳಿದ್ದವು.

ಸಣ್ಣ ಸಣ್ಣ ಕಪ್ಪು ಗೆರೆ. ಗೆರೆಯ ಪಕ್ಕ ಅಂಕಿ. ಒಂದಾದ ಮೇಲೆ ಒಂದು, ಕ್ರಮವಾಗಿ, ಕತ್ತಿನ ಹಿಂದೆ ಹೋಗಿ ಇನ್ನೊಂದು ಹೆಗಲಿನ ಮೇಲೆ ಮತ್ತೆ ಶುರು. ತುದಿಯಲ್ಲಿ ತಗಡಿನ ಕಟ್ಟು, ಅದರ ಬೂದು ಬಣ್ಣ ಕೂಡ ಬೇರೆ ಹಚ್ಚಿದ್ದರು. ಅದು ಸರ ಅಲ್ಲ. ಅಳತೆ ಟೇಪು. ಹಳದಿ ಟೇಪು, ನಾನು ಬೆಳಿಗ್ಗೆ ಎದ್ದು ಕೊರಳಿಗೆ ಹಾಕಿಕೊಂಡರೆ ಮಲಗುವಾಗ ತೆಗೆಯುವಂಥದ್ದು.

ಬಾಯಿಯ ಹತ್ತಿರದ ಕೈ ನೋಡಿದೆ. ಬೆರಳುಗಳಿಗೂ ತುಟಿ ಇರಬೇಕಾದ ಜಾಗಕ್ಕೂ ನಡುವೆ ಕೂದಲಿನಷ್ಟು ತೆಳ್ಳಗೆ ಒಂದು ಬಿಳಿ ಎಳೆ. ಅವಳು ನಗುತ್ತಿರಲಿಲ್ಲ. ದಾರ ಕಡಿಯುತ್ತಿದ್ದಳು. "ಕತ್ತರಿ ಪಕ್ಕದಲ್ಲೇ ಇದೆಯಲ್ಲ, ಹಲ್ಲು ಯಾಕೆ ಹಾಳು ಮಾಡ್ಕೋತೀಯ" ಅಂತ ಅವರು ನನ್ನನ್ನು ಬೈಯದ ದಿನವಿರಲಿಲ್ಲ. ದಾರ ಕಡಿದು ಕಡಿದು ನನ್ನ ಮುಂದಿನ ಹಲ್ಲಿಗೆ ಸಣ್ಣ ಕಚ್ಚು ಬಿದ್ದಿದೆ.

ಬೀದಿಯಲ್ಲಿ ನಿಂತ ಯಾವ ಕಣ್ಣಿಗೂ ಆ ಅಂಕಿಗಳು ಕಾಣುವುದಿಲ್ಲ. ಆ ದಾರ ಕಾಣುವುದಿಲ್ಲ. ಬಣ್ಣ ದಂಡ ಅನ್ನುತ್ತಿದ್ದ ಮನುಷ್ಯ ಅಷ್ಟೆತ್ತರದಲ್ಲಿ ನಿಂತು, ಒಂದೊಂದೇ ಅಂಕಿ ಬರೆದಿದ್ದರು. ನನಗೆ ಸಿಟ್ಟು ಬಂತು. ಹೇಳಬಾರದಿತ್ತಾ ಅಂತ ಗೋಡೆಯನ್ನೇ ಕೇಳಿದೆ. ಆಮೇಲೆ ಅಳು ಬಂತು. ಮೆಟ್ಟಿಲಿಗೆ ತೋಳು ಸಿಕ್ಕಿಸಿಕೊಂಡು, ಅಷ್ಟು ಎತ್ತರದಲ್ಲಿ, ಬೀದಿಗೆ ಬೆನ್ನು ಹಾಕಿ ಅತ್ತುಬಿಟ್ಟೆ.

"ಅಕ್ಕಾ! ನನ್ನ ತಲೆ ಮೇಲೆ ಸುಣ್ಣ ಸುರೀತಿದೆ!" ಅಂತ ಕೆಳಗಿನಿಂದ ಸಲೂನಿನವನು ಕೂಗಿದ.

"ಸುರೀಲಿ ಬಿಡು. ನೀನು ಆಡಿದ ಆಟಕ್ಕೆ ಇಷ್ಟಾದ್ರೂ ಬೇಡ್ವಾ?" ಅಂದೆ. ಬಕೆಟ್ ಹಾಗೇ ಇಳಿಸಿಕೊಂಡು ಬಂದೆ.

ಸೋಮವಾರ ಮೇಡಂ ಕೈ ಚಾಚಿದರು. "ಫೋಟೋ ಕೊಡಿ."

"ತಂದಿಲ್ಲ ಮೇಡಂ."

"ಸುಣ್ಣ?"

"ಹೊಡೀಲಿಲ್ಲ."

"ಹಾಗಾದ್ರೆ ಯಾಕೆ ಬಂದ್ರಿ?"

"ಮಹಡಿಯವಳು ತಾನೇ ಬಂದು ಹೇಳಿಕೆ ಕೊಡ್ಬೇಕು ಅಂದ್ರಲ್ಲ. ಬಂದಿದೀನಿ."

ಮೇಡಂ ಫೋಟೋ ನೋಡಿದರು, ನನ್ನನ್ನು ನೋಡಿದರು, ಮತ್ತೆ ಫೋಟೋ ನೋಡಿದರು. ಅಳತೆಯವನು ಬಗ್ಗಿ ನೋಡಿ, "ಇವ್ರಲ್ಲ ಮೇಡಂ, ಅವ್ರು ಇನ್ನೂ ಚಿಕ್ಕೋರು" ಅಂದ.

"ಹೌದಪ್ಪಾ. ಬರೆದು ಬಹಳ ಕಾಲ ಆಯ್ತು" ಅಂದೆ.

ಚೀಲದಿಂದ ಟೇಪು ತೆಗೆದು ಕೊರಳಿಗೆ ಹಾಕಿಕೊಂಡೆ. ಒಂದು ಎಳೆ ದಾರ ಹಲ್ಲಿಗೆ ಕೊಟ್ಟು, ತಲೆ ಬಗ್ಗಿಸಿ, ಸ್ವಲ್ಪ ಓರೆಯಾಗಿ ನಿಂತೆ. ನಾಚಿಕೆಯಾಯಿತು, ಆದರೂ ನಿಂತೆ. ಹಿಂದೆ ಸಾಲಿನಲ್ಲಿದ್ದವರು ಕತ್ತು ಚಾಚಿ ನೋಡಿದರು. ಅಳತೆಯವನ ಬಾಯಿ ತೆರೆದುಕೊಂಡಿತು. "ಇವ್ರೇ ಮೇಡಂ" ಅಂದ ಮೆಲ್ಲಗೆ.

"ಬಾಡಿಗೆ ಕೊಡ್ತೀರಾ?" ಅಂದರು ಮೇಡಂ. ಕೇಳಲೇಬೇಕಾದ ಪ್ರಶ್ನೆ ಅಂತ ಕಾಣುತ್ತದೆ.

"ಯಾರಿಗೆ ಕೊಡ್ಲಿ ಮೇಡಂ? ನಾನು ಮನೆಯವಳು."

"ಹಾಗಾದ್ರೆ ಸ್ವಂತ ವಾಸ ಅಂತ ಬರೀತೀನಿ. ಬಾಡಿಗೆ ದರ ಹೋಗುತ್ತೆ. ಆದ್ರೆ ಮಹಡಿ ಉಳಿಯುತ್ತೆ, ವರ್ಷಾ ವರ್ಷಾ ಅದಕ್ಕೂ ಕಟ್ಟಬೇಕು. ಮಹಡಿ ಇದೆ ಅಂತ ಒಪ್ಕೋತೀರಾ?"

"ಇದೆ."

"ಇಲ್ಲ ಅಂತ ತಕರಾರು ಹೇಳಿದೋರು ನೀವೇ ಅಲ್ವೇನಮ್ಮಾ!"

"ಆಗ ನಾನು ನೋಡಿರಲಿಲ್ಲ" ಅಂದೆ.

ಮೇಡಂ ಪೆನ್ನಿನ ಮುಚ್ಚಳ ತೆಗೆದರು. ಇಲ್ಲದ ಮಹಡಿಗೆ ತಾವಾಗಿಯೇ ಕಂದಾಯ ಕಟ್ಟುವವರನ್ನು ಇವತ್ತೇ ನೋಡಿದ್ದು ಅಂದರು. ಬರೆದರು. ಮೇಜು ಅಲ್ಲಾಡಿತು. ಹೊಸ ದರ ನೋಡಿದೆ. ಭಾರವೇ, ಆದರೆ ಇನ್ನೊಂದಿಷ್ಟು ಪರದೆ ಹೆಚ್ಚಿಗೆ ಹೊಲಿದರೆ ನಿಭಾಯಿಸಬಹುದು. ಮುಂದಿನ ಕೋಣೆ ನನಗೇ ಉಳಿಯಿತು.

ಬರುವಾಗ ಬೀದಿಯ ಆ ಬದಿಗೆ ನಿಂತು ತಲೆ ಎತ್ತಿದೆ. ಅಲ್ಲಿಂದ ನೋಡಿದರೆ ಮತ್ತೆ ಅದೇ ಹೆಂಗಸು, ಅದೇ ಚಿನ್ನದ ಸರ, ಅದೇ ನಗು. ಯಾರೋ ಬೇರೆಯವಳು. ಎಷ್ಟು ಕಣ್ಣು ಕಿರಿದು ಮಾಡಿದರೂ ನಾನಾಗಲಿಲ್ಲ.

"ಗೆದ್ಯೋ ಸೋತ್ಯೋ?" ಅಂದರು ಅತ್ತೆ.

"ಗೊತ್ತಾಗ್ತಿಲ್ಲ ಅತ್ತೆ."

"ಅವಳು ಯಾರು ಅಂತ ಹೇಳ್ದೆ?"

"ನಾನು ಅಂತ."

"ಮತ್ತೆ ಇನ್ಯಾರು?" ಅಂದರು.

"ನಿಮಗೆ ಗೊತ್ತಿತ್ತಾ?"

"ಆಗ ನನ್ನ ಕಣ್ಣು ಚೆನ್ನಾಗಿತ್ತಲ್ಲ. ದಾರ ಕಡೀತಾ ನೀನು ಕೂರೋ ಭಂಗಿ ದಿನಾ ನೋಡಿದೋಳು ನಾನು. ತನ್ನ ಬೆನ್ನು ತನಗೆ ಕಾಣಲ್ಲ ಅಂತಾರೆ, ನಿನಗೆಲ್ಲಿ ಗೊತ್ತಾಗ್ಬೇಕು."

"ಒಂದು ಮಾತು ಹೇಳಬಾರದಿತ್ತಾ ಅತ್ತೆ? ಇಷ್ಟು ವರ್ಷ ಬೈದಿದೀನಲ್ಲ!"

"ಸೊಸೇನ ಬೈಯೋದು ಅತ್ತೆ ಕೆಲಸ. ಅದನ್ನ ನೀನೇ ದಿನಾ ಬೀದಿಯಲ್ಲಿ ನಿಂತು ಮಾಡ್ತಿದ್ದೆ. ನಾನು ಯಾಕೆ ಬೇಡ ಅನ್ಲಿ?" ಅಂದರು. ಆಮೇಲೆ ಹೊದಿಕೆಯ ಅಂಚನ್ನು ಬೆರಳಲ್ಲಿ ಸವರುತ್ತಾ ದನಿ ತಗ್ಗಿಸಿದರು. "ಅವನು ಹೇಳಬೇಡ ಅಂದಿದ್ದ. ಅವಳೇ ಗುರುತು ಹಿಡೀಲಿ ಅಮ್ಮಾ, ಒಂದಿನ ಕೇಳೇ ಕೇಳ್ತಾಳೆ ಅಂದಿದ್ದ. ಕಾಯ್ತಾ ಕಾಯ್ತಾ ಹೋಗೇಬಿಟ್ಟ."

ಮುಂದಿನ ಕೋಣೆಗೆ ಬಂದು ಮಿಷನ್ನಿನ ಮುಂದೆ ಕೂತೆ. ಅರ್ಧಕ್ಕೆ ನಿಂತಿದ್ದ ಪರದೆಯ ಅಂಚನ್ನು ಕೊನೆಯ ತನಕ ಹೊಲಿದೆ. ತಲೆ ಬಗ್ಗಿಸಿ ಹಲ್ಲಿನಿಂದ ದಾರ ಕಡಿದೆ. ಕತ್ತರಿ ಪಕ್ಕದಲ್ಲೇ ಇತ್ತು.